ಹೊಕ್ಕಳಿಂದ ಬಲಕ್ಕೆ ಇಳಿಯುವ ನೋವು

ಭತ್ತದ ನಾಟಿಯ ದಿನಗಳಲ್ಲೊಮ್ಮೆ ಸಿಂಧನೂರು ಕಡೆಯ ಹಳ್ಳಿಯಿಂದ ಹದಿನಾರು ವರ್ಷದ ಹುಡುಗನನ್ನು ಅವನ ತಂದೆ ರಾಯಚೂರಿಗೆ ಕರೆತಂದರು. ಮೊದಲ ದಿನ ಹೊಕ್ಕಳ ಸುತ್ತ ನೋವೆಂದಾಗ ಬಟ್ಟಿ ಸರಿದಿದೆಯೆಂದು ಹೊಟ್ಟೆ ತಿಕ್ಕಿಸಿ, ಔಡಲೆಣ್ಣೆ ಕುಡಿಸಿದ್ದರು. ಮರುದಿನ ನೋವು ಬಲಗಡೆಯ ಕೆಳಹೊಟ್ಟೆಗೆ ಇಳಿದಾಗ ಊರಿನಲ್ಲೇ ಇಂಜೆಕ್ಷನ್ ಹಾಕಿಸಿದ್ದರು. "ರಾತ್ರಿ ಒಮ್ಮೆಲೆ ಕಮ್ಮಿ ಆತ್ರಿ ಸರ, ಆರಾಮಾತು ಅನ್ಕೊಂಡು ಸುಮ್ನಾದ್ವಿ" ಎಂದರು ತಂದೆ. ನಾನು ನೋಡುವ ಹೊತ್ತಿಗೆ ಹುಡುಗನ ಹೊಟ್ಟೆ ಹಲಗೆಯಂತೆ ಬಿಗಿದಿತ್ತು, ನಾಡಿ ನಿಮಿಷಕ್ಕೆ 130 ದಾಟಿತ್ತು. ಆರಾಮಾಯಿತೆಂದು ಮನೆಯವರು ನಿಟ್ಟುಸಿರು ಬಿಟ್ಟ ಆ ಗಳಿಗೆಯಲ್ಲೇ ಅಪೆಂಡಿಕ್ಸ್ ಒಡೆದಿತ್ತು.

ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವೆಡೆ ತೂಗುವ, ಬೆರಳುದ್ದದ, ಒಂದು ತುದಿ ಮುಚ್ಚಿದ ಕೊಳವೆ ಇದು. ಗಟ್ಟಿಯಾದ ಮಲದ ಚೂರು ಬಾಯಿಗೆ ಅಡ್ಡ ಬಂದರೆ, ಅಥವಾ ಅಲ್ಲಿನ ಗ್ರಂಥಿಯ ಅಂಶ ಊದಿಕೊಂಡರೆ, ಒಳಗೆ ದ್ರವ ತುಂಬಿ, ಒತ್ತಡ ಏರಿ, ರಕ್ತಸಂಚಾರ ಕುಗ್ಗಿ, ಕೊನೆಗೆ ಗೋಡೆಯೇ ಕೊಳೆಯತೊಡಗುತ್ತದೆ. ಕೊಳವೆ ಬರಿದೇ ಉಬ್ಬಿರುವಾಗ ನೋವನ್ನು ಒಯ್ಯುವ ನರಗಳಿಗೆ ಜಾಗದ ಖಚಿತ ಗುರುತು ಇರುವುದಿಲ್ಲವಾದ್ದರಿಂದ ರೋಗಿ ಹೊಕ್ಕಳ ಸುತ್ತ ಅಂಗೈ ಆಡಿಸುತ್ತಾನೆ. ಉರಿಯೂತ ಹೊಟ್ಟೆಯ ಒಳಪೊರೆಯನ್ನು ಮುಟ್ಟಿದ ಮೇಲೆ, ಸಾಮಾನ್ಯವಾಗಿ ಒಂದು ದಿನದೊಳಗೆ, ಒಂದೇ ಬೆರಳಿಟ್ಟು ತೋರಿಸುತ್ತಾನೆ. ಆ ಬೆರಳು ಹೆಚ್ಚಾಗಿ ನಿಲ್ಲುವುದು ಬಲ ಸೊಂಟದ ಮೂಳೆಯ ಮುಂತುದಿಯಿಂದ ಹೊಕ್ಕಳಿಗೆ ಎಳೆದ ಗೆರೆಯಲ್ಲಿ, ಮೂಳೆಯ ಕಡೆಯಿಂದ ಮೂರನೆಯ ಒಂದು ಭಾಗದಷ್ಟು ದೂರದಲ್ಲಿ. ಚಾರ್ಲ್ಸ್ ಮ್ಯಾಕ್‌ಬರ್ನಿ ಈ ಬಿಂದುವನ್ನು ವಿವರಿಸಿದ್ದು 1889ರಲ್ಲಿ. ಸ್ಕ್ಯಾನಿಂಗ್ ಬಂದ ಮೇಲೂ ನಾನು ಮೊದಲು ಕೈಯಿಡುವುದು ಅಲ್ಲಿಯೇ.

ಊಟ ಬೇಡವಾಗುವುದು, ನೋವು ಶುರುವಾದ ಮೇಲೆ ವಾಂತಿ, ಸಣ್ಣ ಜ್ವರ ಇವು ಜೊತೆಗೂಡುತ್ತವೆ. ನಾನು ತಪ್ಪದೆ ಕೇಳುವ ಇನ್ನೊಂದು ಪ್ರಶ್ನೆ ಬಂದ ದಾರಿಯ ಕುರಿತದ್ದು. ಆಟೋ ತಗ್ಗಿಗೆ ಇಳಿದಾಗ, ಹಂಪ್ ಹಾರಿದಾಗ ಹೊಟ್ಟೆಯಲ್ಲಿ ಚುಚ್ಚಿದಂತಾಯಿತೇ ಎಂದರೆ, ಈ ರೋಗವಿರುವ ಬಹುತೇಕರು ಹೌದೆನ್ನುತ್ತಾರೆ. ಆದರೆ ಎಲ್ಲರಲ್ಲೂ ನೋವು ಹೀಗೆ ಪಾಠದಂತೆ ಬರುವುದಿಲ್ಲ. ಕರುಳಿನ ಹಿಂದೆ ಅಡಗಿದ ಅಪೆಂಡಿಕ್ಸ್ ಪಕ್ಕೆ ಅಥವಾ ಬೆನ್ನನ್ನು ನೋಯಿಸಬಹುದು, ಕೆಳಕ್ಕೆ ಇಳಿಬಿದ್ದದ್ದು ಭೇದಿಯನ್ನೋ ಉರಿಮೂತ್ರವನ್ನೋ ತರಬಹುದು. ತುಂಬಿದ ಗರ್ಭಿಣಿಯಲ್ಲಿ ನೋವು ಮೇಲಕ್ಕೆ ಸರಿದಿರಬಹುದು. ಪುಟ್ಟ ಮಕ್ಕಳಲ್ಲಿ ಗುರುತು ಹತ್ತುವ ಮೊದಲೇ ಒಡೆದಿರುವುದು ಹೆಚ್ಚು. ನಮ್ಮ ಬಿಸಿಲ ನಾಡಿನಲ್ಲಿ ಮೂತ್ರದ ಹರಳಿನ ನೋವು ಇದರ ವೇಷದಲ್ಲಿ ಬರುತ್ತದೆ. ಮುಟ್ಟು ತಪ್ಪಿದ ಹೆಣ್ಣುಮಗಳಲ್ಲಿ ಬಲಹೊಟ್ಟೆ ನೋವೆಂದರೆ ಗರ್ಭನಾಳದಲ್ಲಿ ನಿಂತ ಗರ್ಭವೂ ಆಗಿರಬಹುದಾದ್ದರಿಂದ ಮೂತ್ರ ಪರೀಕ್ಷೆಯನ್ನು ಸಂಕೋಚಕ್ಕಾಗಿ ಬಿಡಬಾರದು. ಅಲ್ಟ್ರಾಸೌಂಡಿನಲ್ಲಿ ಅಪೆಂಡಿಕ್ಸ್ ಕಾಣಲಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆಂದಲ್ಲ. ಅನುಮಾನ ಉಳಿದರೆ ಸಿಟಿ ಸ್ಕ್ಯಾನ್ ಮಾಡಿಸಬೇಕು, ಇಲ್ಲವೇ ಕೆಲವು ಗಂಟೆ ಬಿಟ್ಟು ಮತ್ತೆ ಹೊಟ್ಟೆ ಮುಟ್ಟಿ ನೋಡಬೇಕು.

ನೋವಿನ ಇಂಜೆಕ್ಷನ್ನೇ ಕೆಟ್ಟದ್ದಲ್ಲ, ಪರೀಕ್ಷಿಸಿದ ಬಳಿಕ ನಾವೂ ಕೊಡುತ್ತೇವೆ. ಅದನ್ನು ಹಾಕಿಸಿಕೊಂಡು ಮನೆಯಲ್ಲಿ ಕಾಯುವುದು ಕೆಟ್ಟದ್ದು. ಭೇದಿಯಾಗಲೆಂದು ಎಣ್ಣೆ ಕುಡಿಸುವುದು, ಹೊಟ್ಟೆ ತಿಕ್ಕುವುದು ಮಾತ್ರ ಖಂಡಿತ ಬೇಡ.

ಆಪರೇಷನ್ ಅಪಾಯವೇ ಎಂದು ಪ್ರತಿಯೊಂದು ಮನೆಯವರೂ ಕೇಳುತ್ತಾರೆ, ಕೇಳಬೇಕಾದದ್ದೇ. ಅರಿವಳಿಕೆಯ ತೊಂದರೆ, ರಕ್ತಸ್ರಾವ, ಗಾಯದ ಕೀವು, ಹೊಟ್ಟೆಯೊಳಗೆ ಕೀವುಗಡ್ಡೆ, ಕತ್ತರಿಸಿ ಕಟ್ಟಿದ ಬುಡ ಸೋರುವುದು, ವರ್ಷಗಳ ಮೇಲೆ ಕರುಳು ಅಂಟಿಕೊಂಡು ಅಡ್ಡಕಟ್ಟುವುದು ಇವೆಲ್ಲ ನಿಜವಾದ ಅಪಾಯಗಳು, ಇವನ್ನು ಮುಚ್ಚಿಟ್ಟು ನಾನು ಸಹಿ ಹಾಕಿಸಿಕೊಳ್ಳುವುದಿಲ್ಲ. ಆದರೆ ಇವುಗಳ ಪ್ರಮಾಣ ಎಲ್ಲರಿಗೂ ಒಂದೇ ಅಲ್ಲ. ಒಡೆಯುವ ಮೊದಲೇ ಬಂದವರು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆಗೆ ಹೋಗುತ್ತಾರೆ. ಆ ಹುಡುಗ ಹನ್ನೊಂದು ದಿನ ವಾರ್ಡಿನಲ್ಲಿದ್ದ, ಮೊದಲ ನಾಲ್ಕು ದಿನ ಅವನ ಪಕ್ಕೆಗೆ ಹಾಕಿದ್ದ ಕೊಳವೆಯಲ್ಲಿ ಕೀವು ಇಳಿಯುತ್ತಲೇ ಇತ್ತು. ಸಣ್ಣ ರಂಧ್ರಗಳ ಮೂಲಕ ಮಾಡುವ ದೂರಬೀನಿನ (ಲ್ಯಾಪರೊಸ್ಕೋಪಿ) ಆಪರೇಷನ್ನಿನಲ್ಲಿ ಗಾಯದ ಕೀವು ಕಡಿಮೆ, ಕೆಲಸಕ್ಕೆ ಮರಳುವುದು ಬೇಗ. ಹಾಗೆಂದು ಅದು ಸಿಗುವ ಊರಿಗಾಗಿ ಒಂದು ದಿನ ಕಳೆದುಕೊಳ್ಳುವುದು ಲಾಭವಲ್ಲ.

ಒಡೆಯದ, ಮಲದ ಕಲ್ಲಿಲ್ಲದ ಕೆಲವರಿಗೆ ಆ್ಯಂಟಿಬಯೋಟಿಕ್ ಒಂದರಿಂದಲೇ ಗುಣವಾಗುತ್ತದೆ. ಆದರೆ ಫಿನ್ಲೆಂಡಿನ ಅಧ್ಯಯನವೊಂದರಲ್ಲಿ ಹೀಗೆ ಆ್ಯಂಟಿಬಯೋಟಿಕ್ ಮಾತ್ರ ಪಡೆದವರಲ್ಲಿ ಹತ್ತರಲ್ಲಿ ಸುಮಾರು ನಾಲ್ವರಿಗೆ ಐದು ವರ್ಷದೊಳಗೆ ಆಪರೇಷನ್ ಬೇಕಾಯಿತು. ನಡುರಾತ್ರಿ ನೋವು ಮರುಕಳಿಸಿದರೆ ಗಂಟೆಯೊಳಗೆ ಆಸ್ಪತ್ರೆ ಮುಟ್ಟಬಲ್ಲವರಿಗೆ ಈ ದಾರಿ ಸರಿ. ಕೊನೆಯ ಬಸ್ಸು ಸಂಜೆಗೇ ಹೋಗುವ ಊರಿನವರಿಗೆ ನಾನು ಇದನ್ನು ಅಷ್ಟು ಸುಲಭವಾಗಿ ಹೇಳುವುದಿಲ್ಲ.

ಆಪರೇಷನ್ ಆದ ಐದಾರು ದಿನಕ್ಕೆ ಮತ್ತೆ ಜ್ವರ ಬಂದರೆ, ಹೊಟ್ಟೆ ಉಬ್ಬಿ ಗಾಳಿ ಹೋಗದಿದ್ದರೆ, ಹೊಲಿಗೆಯ ಸುತ್ತ ಕೆಂಪಾಗಿ ಒಸರಿದರೆ, ಹೊಲಿಗೆ ಬಿಚ್ಚುವ ದಿನಕ್ಕೆ ಕಾಯದೆ ಡಿಸ್ಚಾರ್ಜ್ ಚೀಟಿಯೊಂದಿಗೆ ಅಂದೇ ಮರಳಿ ಬರಬೇಕು.