ಜಾಹೀರಾತನ್ನು ಅಣಕಿಸುವ ಗೋಡೆಚಿತ್ರ ಕೊಡಗಿನ ಮಳೆಗೆ ನಿಲ್ಲುತ್ತದೆಯೇ?

ಪ್ರಶ್ನೆ: ಮಡಿಕೇರಿ ರಸ್ತೆಯುದ್ದಕ್ಕೂ ರೆಸಾರ್ಟ್, ಹೋಂಸ್ಟೇ ಬೋರ್ಡುಗಳೇ. ಅವನ್ನು ಅಣಕಿಸುವ ಚಿತ್ರವೊಂದನ್ನು ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಬರೆಯಬೇಕೆಂದಿದ್ದೇವೆ. ಜನರಿಗೆ ನಾಟುವಂತೆ, ಒಂದು ಮಳೆಗಾಲವಾದರೂ ಉಳಿಯುವಂತೆ ಮಾಡುವುದು ಹೇಗೆ?

ಉತ್ತರ: ಇಂಥ ಚಿತ್ರಗಳು ಹೆಚ್ಚಾಗಿ ಸೋಲುವುದು ಉಪದೇಶಕ್ಕೆ ಇಳಿದಾಗ. ‘ಪರಿಸರ ಉಳಿಸಿ’ ಎಂದು ಬರೆದರೆ ಅದು ಇನ್ನೊಂದು ಸರ್ಕಾರಿ ಫಲಕ, ಅಷ್ಟೇ. ಜಾಹೀರಾತಿನ ವೇಷವನ್ನೇ ತೊಟ್ಟು ಕೊನೆಯ ಮಾತೊಂದನ್ನು ತಿರುಗಿಸಬೇಕು. 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ಬಿಲ್‌ಬೋರ್ಡ್ ಲಿಬರೇಷನ್ ಫ್ರಂಟ್ ಗುಂಪು ಫಲಕದ ಅಕ್ಷರದ ರೂಪ, ಬಣ್ಣ ಎಲ್ಲವನ್ನೂ ಹಾಗೇ ಹೊಂದಿಸಿ ಪದ ಮಾತ್ರ ಬದಲಿಸುತ್ತಿತ್ತು. ನಿಮ್ಮ ಗೋಡೆಯಲ್ಲೂ ಅದೇ ಮಂಜು, ಅದೇ ಬೆಟ್ಟ, ಅದೇ ದಪ್ಪ ಹಳದಿ ಅಕ್ಷರ: ‘2 ರಾತ್ರಿ, 3 ಹಗಲು, 1 ಮೂಟೆ ಖಾಲಿ ಬಾಟಲಿ’. ನಿಜವಾದ ರೆಸಾರ್ಟಿನ ಹೆಸರು, ಲೋಗೊ ಬೇಡ. ಎಲ್ಲ ಪ್ಯಾಕೇಜ್ ಜಾಹೀರಾತುಗಳ ಧಾಟಿ ಒಂದೇ ಆದ್ದರಿಂದ ಹೆಸರಿಲ್ಲದೆಯೂ ತಿಳಿಯುತ್ತದೆ. ಓಡುವ ಗಾಡಿಯಿಂದ ಓದಬೇಕು, ಹಾಗಾಗಿ ಆರೇಳು ಪದ ಸಾಕು.

ಇನ್ನು ಗೋಡೆ. ಬರೆಗೆ (ಕಡಿದ ಗುಡ್ಡದ ಬದಿಗೆ) ಒತ್ತಿ ಕಟ್ಟಿದ ತಡೆಗೋಡೆಯಾದರೆ ಆಸೆ ಬಿಡಿ. ಹಿಂದಿನ ಮಣ್ಣಿನಿಂದ ನೀರು ಜಿನುಗಿ, ಎಂಥ ದುಬಾರಿ ಪೇಂಟನ್ನೂ ಗುಳ್ಳೆ ಎಬ್ಬಿಸಿ ಉದುರಿಸುತ್ತದೆ. ಅನುಮಾನವಿದ್ದರೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಳಗೆ ಹನಿ ಕಂಡರೆ ಗೋಡೆ ಇನ್ನೂ ಹಸಿ. ಕೆಲಸಕ್ಕೆ ಜನವರಿ, ಫೆಬ್ರವರಿ ಒಳ್ಳೆಯದು. ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಬರುತ್ತದೋ ಹೇಳಲಾಗದು.

ಹಳೆಯ ಸುಣ್ಣವನ್ನು ಪೂರ್ತಿ ಕೆರೆಯಿರಿ. ಅದರ ಮೇಲೆ ಬಳಿದ ಪೇಂಟ್ ಸುಣ್ಣದ ಜೊತೆಗೇ ಕಳಚುತ್ತದೆ. ಪಾಚಿಗೆ 10 ಲೀಟರ್ ನೀರಿಗೆ 200 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಬ್ರಷ್‌ನಿಂದ ಉಜ್ಜಿ ತೊಳೆಯಿರಿ (ಕೈಗವಸು ಮರೆಯಬೇಡಿ). ಮೂರು ದಿನ ಬಿಸಿಲು ಕಂಡ ಮೇಲೆ ಎಕ್ಸ್‌ಟೀರಿಯರ್ ಪ್ರೈಮರ್ (ಹೊರಗೋಡೆಗೆ ಬಳಿಯುವ ಮೊದಲ ಲೇಪ), ನಂತರ ಎರಡು ಕೋಟ್ ಎಕ್ಸ್‌ಟೀರಿಯರ್ ಎಮಲ್ಷನ್ (ಹೊರಗೋಡೆಯ ಪೇಂಟ್). ಎರಡು ಕೋಟಿಗೆ ಲೀಟರಿಗೆ ಸುಮಾರು 50 ಚದರಡಿ ಲೆಕ್ಕ. ನೆಲದಿಂದ ಒಂದಡಿ ಖಾಲಿ ಬಿಡಿ. ಮಳೆನೀರು ಕೆಸರು ಸಿಡಿಸುವುದು ಅಲ್ಲಿಗೇ.

ಅಕ್ಷರಗಳಿಗೆ ಹಳೆಯ ಎಕ್ಸ್‌ರೇ ಶೀಟ್ ಕತ್ತರಿಸಿದರೆ ಚೆನ್ನಾದ ಅಚ್ಚಾಗುತ್ತದೆ. ಕನ್ನಡಕ್ಕೆ ಇಲ್ಲೊಂದು ತೊಡಕಿದೆ: ‘ಠ’ದ ಚುಕ್ಕೆಯ ಸುತ್ತಲಿನ ಭಾಗ, ಸೊನ್ನೆಯ ಒಳಭಾಗ ಕತ್ತರಿಸಿದೊಡನೆ ಉದುರಿಹೋಗುತ್ತವೆ. ಒಳಭಾಗವನ್ನು ಹೊರಗಿನ ಶೀಟಿಗೆ ಹಿಡಿದಿಡುವ ಅರ್ಧ ಸೆಂಟಿಮೀಟರ್ ಅಗಲದ ಸೇತುವೆ ಬಿಟ್ಟು ಕತ್ತರಿಸಿ, ಅದರಿಂದ ಗೋಡೆಯಲ್ಲಿ ಉಳಿಯುವ ಸಂದನ್ನು ಕೊನೆಗೆ ಬ್ರಷ್‌ನಲ್ಲಿ ತುಂಬಿಕೊಳ್ಳಿ. ಸ್ಪಂಜಿನಲ್ಲಿ ಬಣ್ಣ ಹೆಚ್ಚಾದರೆ ಅಚ್ಚಿನಡಿ ಹರಿದು ಅಂಚು ಕೆಡುತ್ತದೆ; ಕಾಗದಕ್ಕೆ ಒತ್ತಿ ಹಿಂಡಿದ ಮೇಲೆ ಗೋಡೆಗೆ ತಟ್ಟಿ.

ಶ್ರಮ ಉಳಿಸಲು ಫ್ಲೆಕ್ಸ್ ಮಾಡಿಸಬೇಡಿ. ಅಣಕಿಸುವುದೇ ಅದನ್ನು, ಮೇಲಾಗಿ ಪ್ಲಾಸ್ಟಿಕ್ ಫ್ಲೆಕ್ಸ್‌ಗೆ 2016ರಿಂದ ರಾಜ್ಯದಲ್ಲಿ ನಿಷೇಧವಿದೆ. ಬೇರೆಯವರ ಹೋರ್ಡಿಂಗ್ ಮೇಲೆ ಬರೆದರೆ ಅದು ಆಸ್ತಿಹಾನಿಯ ಪ್ರಕರಣವಾಗುತ್ತದೆ. ಗೋಡೆ ಸ್ವಂತದ್ದಾದರೂ ರಸ್ತೆಗೆ ಕಾಣುವಂತಿದ್ದರೆ ಕರಡು ಚಿತ್ರವನ್ನು ಜೊತೆಗಿಟ್ಟು ನಗರಸಭೆಗೋ ಪಂಚಾಯಿತಿಗೋ ಅರ್ಜಿ ಕೊಟ್ಟು, ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.