ಬ್ರೇಕ್ ಲೈಟ್ ಹತ್ತಿದೆ, ಹಾಗಾದ್ರೆ ಅದು ಆಕ್ಸಿಡೆಂಟೇ?

ಪ್ರಶ್ನೆ: ಪ್ರತಿಭಟನೆ ಮಾಡ್ತಿದ್ದವರ ಮೇಲೆ ಗಾಡಿ ನುಗ್ಗಿದ ಫೋಟೋ ಬಂದಾಗಲೆಲ್ಲ ಯಾರಾದರೂ ಬ್ರೇಕ್ ಲೈಟಿಗೆ ಸುತ್ತು ಹಾಕಿ ಗ್ರೂಪಿಗೆ ಕಳಿಸ್ತಾರೆ. ಬ್ರೇಕ್ ಹಾಕಿದ್ದ ಅಂದ್ಮೇಲೆ ಬೇಕಂತ ಗುದ್ದಿಲ್ಲ ಅಂತ ತಾನೆ? (ದಾವಣಗೆರೆಯ ಓದುಗರು)

ಅಲ್ಲ. ಫೋಟೋ ತೆಗೆದ ಆ ಗಳಿಗೆಯಲ್ಲಿ ಕಾಲು ಬ್ರೇಕ್ ಮೇಲಿತ್ತು ಅನ್ನೋದಷ್ಟೇ ಗೊತ್ತಾಗುತ್ತದೆ. ಅದೂ ಹತ್ತಿರೋದು ನಿಜವಾಗಿ ಬ್ರೇಕ್ ಲೈಟೇ ಆಗಿದ್ದರೆ. ಸಂಜೆ ಬಿಸಿಲು ಹಿಂದಿನ ಕೆಂಪು ಗಾಜಿಗೆ ಬಿದ್ದರೂ ದೀಪ ಹತ್ತಿದ ಹಾಗೇ ಕಾಣುತ್ತದೆ. ಹೆಡ್‌ಲೈಟ್ ಹಾಕಿದ್ದರೂ ಹಿಂದೆ ಕೆಂಪು ಇರುತ್ತದೆ. ಎಷ್ಟೋ ಕಾರುಗಳಲ್ಲಿ ಹಿಂದಿನ ಗಾಜಿನ ಹತ್ತಿರ ಮೂರನೇ ದೀಪ ಒಂದಿದೆ. ಅದು ಬ್ರೇಕ್ ತುಳಿದಾಗ ಮಾತ್ರ ಹತ್ತುತ್ತದೆ. ನಾನು ಮೊದಲು ಅದನ್ನೇ ನೋಡೋದು.

ಸರಿ, ಬ್ರೇಕ್ ಹಾಕಿದ್ದ ಅಂತಲೇ ಇಟ್ಟುಕೊಳ್ಳಿ. ಯಾವಾಗ? ಜನಕ್ಕೆ ಗುದ್ದಿದ ಮೇಲೆ ಹಾಕಿದರೂ ಫೋಟೋದಲ್ಲಿ ಕೆಂಪೇ ಕಾಣುತ್ತದೆ, ಅಲ್ವಾ? ಹಾಗಾಗಿ ಗುದ್ದುವ ಮುಂಚಿನ ನಾಲ್ಕೈದು ಸೆಕೆಂಡು ಬೇಕು. ಜೋರಾಗಿ ಬ್ರೇಕ್ ಹಾಕಿದ ಗಾಡಿಯ ಮೂತಿ ತಗ್ಗುತ್ತದೆ, ಆಕ್ಸಿಲರೇಟರ್ ತುಳಿದರೆ ಸ್ವಲ್ಪ ಮೇಲೇಳುತ್ತದೆ. ಅದು ವಿಡಿಯೋದಲ್ಲಿ ಕಾಣುತ್ತದೆ.

2021ರ ಅಕ್ಟೋಬರ್ 3ರಂದು ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ರೈತರ ಮೇಲೆ ಜೀಪು ಹರಿಯಿತು. ಅವತ್ತು ಒಟ್ಟು ಎಂಟು ಜನ ಸತ್ತರು, ಅದರಲ್ಲಿ ನಾಲ್ವರು ರೈತರು. ಕಲ್ಲು ಬಿದ್ದು ಹತೋಟಿ ತಪ್ಪಿತು ಎಂಬ ಮಾತು ಮೊದಲು ಬಂತು. ಆಮೇಲೆ ಹೊರಬಂದ ವಿಡಿಯೋದಲ್ಲಿ ರೈತರು ಬೆನ್ನು ಹಾಕಿ ನಡೆದು ಹೋಗುತ್ತಿದ್ದರು, ಜೀಪು ಹಿಂದಿನಿಂದ ಬಂತು. ಇದು ಅಜಾಗರೂಕತೆಯಲ್ಲ, ಬೇಕಂತಲೇ ಮಾಡಿದ್ದು ಎಂದು ಆ ಡಿಸೆಂಬರ್‌ನಲ್ಲಿ ಎಸ್‌ಐಟಿ ಕೋರ್ಟಿಗೆ ಹೇಳಿತು. ಆರೋಪಿಗಳು ಒಪ್ಪಿಲ್ಲ. 2017ರಲ್ಲಿ ಅಮೆರಿಕದ ಶಾರ್ಲಟ್ಸ್‌ವಿಲ್‌ನಲ್ಲಿ ಪ್ರತಿಭಟನೆ ಮಾಡ್ತಿದ್ದವರ ಮೇಲೆ ಕಾರು ನುಗ್ಗಿದಾಗಲೂ ಅಷ್ಟೇ, ಕಾರು ಮೊದಲು ರಿವರ್ಸ್ ಹೋಗಿ ಆಮೇಲೆ ಮುಂದೆ ನುಗ್ಗಿದ ವಿಡಿಯೋವನ್ನು ಕೋರ್ಟಿನಲ್ಲಿ ತೋರಿಸಿದರು.

ಇನ್ನು ವೇಗ. ನಾನು ಮದುವೆ ವಿಡಿಯೋ ಎಡಿಟ್ ಮಾಡಿ ಹೊಟ್ಟೆ ಹೊರೆಯುವವನು, ಫ್ರೇಮ್ (ವಿಡಿಯೋದೊಳಗಿನ ಒಂದೊಂದು ಬಿಡಿ ಚಿತ್ರ) ಎಣಿಸೋದು ನನಗೆ ದಿನದ ಕೆಲಸ. ರಸ್ತೆಯ ಮೇಲೆ ಒಂದು ಗುರುತು ಹಿಡಿಯಿರಿ. ಮುಂದಿನ ಚಕ್ರ ಅದರ ಮೇಲೆ ಬಂದಾಗಿನಿಂದ ಹಿಂದಿನ ಚಕ್ರ ಬರುವವರೆಗೆ ಎಷ್ಟು ಫ್ರೇಮ್ ಅಂತ ಎಣಿಸಿ. ಎರಡು ಚಕ್ರಗಳ ಮಧ್ಯೆ ಎರಡೂವರೆ ಮೀಟರ್, ವಿಡಿಯೋ ಸೆಕೆಂಡಿಗೆ 25 ಫ್ರೇಮ್ ಅಂದರೆ, ಆರು ಫ್ರೇಮ್ ಹಿಡಿದರೆ ವೇಗ ಗಂಟೆಗೆ ಸುಮಾರು 37 ಕಿ.ಮೀ. ಮೂರೇ ಹಿಡಿದರೆ 75. ಆದರೆ ಎಣಿಕೆಯಲ್ಲಿ ಒಂದು ತಪ್ಪಿದರೂ 37 ಇದ್ದದ್ದು 45 ಆಗಿಬಿಡುತ್ತದೆ. ಮೊಬೈಲ್ ವಿಡಿಯೋದಲ್ಲಿ ಫ್ರೇಮ್‌ಗಳ ಅಂತರ ಒಂದೇ ಸಮ ಇರೋದಿಲ್ಲ, ಅದೊಂದು ತಲೆನೋವು. ಜೂಮ್ ಮಾಡಿ ತೆಗೆದ ಫೋಟೋ ನೋಡಿ "ಗಾಡಿ ಜನರ ಮೈಮೇಲೇ ಇತ್ತು" ಅನ್ನೋರ ಮಾತಂತೂ ಬಿಟ್ಟುಬಿಡಿ, ಜೂಮ್‌ನಲ್ಲಿ ದೂರ ಕುಗ್ಗಿ ಕಾಣುತ್ತದೆ.

ನಮ್ಮ ಜಯದೇವ ಸರ್ಕಲ್‌ನಲ್ಲಿ ಧರಣಿ ನಡೆದರೆ ಹತ್ತು ಮೊಬೈಲ್ ರೆಕಾರ್ಡ್ ಮಾಡುತ್ತಿರುತ್ತವೆ. ಅವನ್ನೆಲ್ಲ ಒಂದೇ ಗಳಿಗೆಗೆ ಕೂಡಿಸೋಕೆ ಸದ್ದೇ ಸಾಕು: "ಬೇಕೇ ಬೇಕು, ನ್ಯಾಯ ಬೇಕು" ಅಂತ ಕೂಗಿದ್ದು ಎಲ್ಲದರಲ್ಲೂ ಇರುತ್ತದೆ. ನೂರು ಮೀಟರ್ ದೂರದ ಮೊಬೈಲಿಗೆ ಸದ್ದು ಸೆಕೆಂಡಿನ ಸುಮಾರು ಮೂರನೇ ಒಂದು ಭಾಗ ತಡವಾಗಿ ಬರುತ್ತದೆ, ಅದನ್ನು ಲೆಕ್ಕಕ್ಕೆ ಹಿಡೀಬೇಕು.

ನಿಮ್ಮ ಹತ್ತಿರವೇ ಅಂಥ ವಿಡಿಯೋ ಇದ್ದರೆ ಕಟ್ ಮಾಡಬೇಡಿ, ಮ್ಯೂಸಿಕ್ ಹಾಕಬೇಡಿ. ವಾಟ್ಸಾಪಲ್ಲಿ ಸುಮ್ನೆ ವಿಡಿಯೋ ಅಂತ ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ. ಮೂಲ ಫೈಲು ಮೊಬೈಲಲ್ಲೇ ಇರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ, ಕಾಪಿಯನ್ನು ಕೋರ್ಟಿಗೆ ಕೊಡುವಾಗ ಸರ್ಟಿಫಿಕೇಟ್ ಬೇಕು. ಅದರಲ್ಲಿ ಫೈಲಿನ ಹ್ಯಾಶ್ ಸಂಖ್ಯೆ ಬರೀಬೇಕು. ಆ ಸಂಖ್ಯೆ ಫೈಲಿನ ಬೆರಳಚ್ಚು ಇದ್ದ ಹಾಗೆ, ಒಂದು ಫ್ರೇಮ್ ತೆಗೆದರೂ ಬದಲಾಗುತ್ತದೆ.

ಅಕ್ಕಪಕ್ಕದ ಅಂಗಡಿಗಳ ಸಿಸಿಟಿವಿ ಮರೀಬೇಡಿ. ಹಾರ್ಡ್‌ಡಿಸ್ಕ್ ತುಂಬಿದ ಮೇಲೆ ಹಳೆಯದು ತಾನಾಗೇ ಅಳಿಸಿಹೋಗುತ್ತದೆ, ಹಾಗಾಗಿ ಅವತ್ತೇ ಹೋಗಿ ತೆಗೆದಿಡಿ ಅಂತ ಹೇಳಿ. ಅದರ ಗಡಿಯಾರ ಹತ್ತು ನಿಮಿಷ ಹಿಂದೆಮುಂದೆ ಇರೋದು ಮಾಮೂಲು. ಪರದೆಯ ಪಕ್ಕ ನಿಮ್ಮ ಮೊಬೈಲಿನ ಟೈಮ್ ಹಿಡಿದು, ಎರಡೂ ಕಾಣುವ ಹಾಗೆ ಇನ್ನೊಬ್ಬರ ಮೊಬೈಲಲ್ಲಿ ಒಂದು ಫೋಟೋ ತೆಗೆಸಿಕೊಳ್ಳಿ.