ಬೇನೆಯ ಹೊತ್ತಲ್ಲಿ ಪಕ್ಕದಲ್ಲೊಬ್ಬರು

ಹೆರಿಗೆ ನೋವು ಶುರುವಾದಾಗ ಹತ್ತಿರ ಇರುವ ಹೆಂಗಸರು ಮೊದಲು ಮಾಡುವ ಕೆಲಸ ಸೊಂಟ ನೀವುವುದು. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇದು ಸುಮ್ನೆ ಸಮಾಧಾನಕ್ಕೆ ಮಾಡುವ ಉಪಚಾರವಲ್ಲ.

ಗರ್ಭಕೋಶ ಬಿಗಿದು, ಸಡಿಲವಾಗಿ, ಮತ್ತೆ ಬಿಗಿಯುತ್ತಾ ಅದರ ಬಾಯಿ ಸುಮಾರು 10 ಸೆಂಟಿಮೀಟರ್ ತೆರೆಯಬೇಕು. ಆ ಎಳೆತದ ಸುದ್ದಿ ತೆಳು ನರಗಳಲ್ಲಿ ಬೆನ್ನುಹುರಿಗೆ ಬರುತ್ತದೆ. ಸೊಂಟದ ಚರ್ಮದಿಂದ ಬರುವ ನರಗಳೂ ಅದೇ ಜಾಗಕ್ಕೆ ಬಂದು ಸೇರುತ್ತವೆ. ಅದಕ್ಕೇ ಗರ್ಭಕೋಶದ ನೋವು ಸೊಂಟದಲ್ಲೂ ಹಿಂಡುವುದು.

1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಒಂದು ವಿಚಾರ ಮುಂದಿಟ್ಟರು. ನೋವಿನ ಸುದ್ದಿ ಮಿದುಳಿಗೆ ಹೋಗುವ ಮೊದಲು ಬೆನ್ನುಹುರಿಯಲ್ಲಿ ಒಂದು ಬಾಗಿಲು ದಾಟಬೇಕು. ಸ್ಪರ್ಶದ, ಒತ್ತಡದ ಸುದ್ದಿ ತರುವ ದಪ್ಪ ನರಗಳು ಚುರುಕಾದರೆ ಆ ಬಾಗಿಲು ಅರ್ಧ ಮುಚ್ಚುತ್ತದೆ. ಮಿದುಳು ಕೂಡ ಮೇಲಿನಿಂದ ಅದನ್ನು ತೆರೆಯಬಲ್ಲದು, ಮುಚ್ಚಬಲ್ಲದು. ಈ ವಿವರಣೆಯಲ್ಲಿ ಆಮೇಲೆ ತಿದ್ದುಪಡಿಗಳಾದವು, ಆದರೆ ಮೂಲ ವಿಚಾರ ಉಳಿಯಿತು. ಮಸಾಜು, ಬಿಸಿ ಶಾಖ ನೋವನ್ನು ತಗ್ಗಿಸುವುದನ್ನು ಇದರಿಂದ ಅರ್ಥ ಮಾಡಿಕೊಳ್ಳಬಹುದು. ವಿಶ್ವ ಆರೋಗ್ಯ ಸಂಸ್ಥೆ 2018ರ ಹೆರಿಗೆ ಮಾರ್ಗಸೂಚಿಯಲ್ಲಿ ಈ ಎರಡನ್ನೂ, ಜೊತೆಗೆ ನಿಧಾನ ಉಸಿರಾಟ, ಸಂಗೀತದಂಥ ಉಪಾಯಗಳನ್ನೂ ಸೇರಿಸಿದೆ. ಹೆರಿಗೆಯ ಮೊದಲ ಹಂತದಲ್ಲಿ, ಅಂದರೆ ಗರ್ಭಕೋಶದ ಬಾಯಿ ತೆರೆಯುತ್ತಿರುವ ಹೊತ್ತಲ್ಲಿ, ಮಲಗಿಯೇ ಇರುವ ಬದಲು ಓಡಾಡುವುದು, ಕೂರುವುದು, ಮುಂದಕ್ಕೆ ಬಾಗಿ ನಿಲ್ಲುವುದು ಕೂಡ ಒಳ್ಳೆಯದು. ಇದರಿಂದ ಹೆರಿಗೆಯ ಅವಧಿ ಕಡಿಮೆಯಾಗುತ್ತದೆ.

ಇದೆಲ್ಲಕ್ಕಿಂತ ದೊಡ್ಡದು ಭಯ. ಹೆದರಿದಾಗ ದೇಹದಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಏರುತ್ತದೆ. ಅದು ಜಾಸ್ತಿಯಾದರೆ ಗರ್ಭಕೋಶಕ್ಕೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಬೇನೆಯ ಬಿಗಿತ ದುರ್ಬಲವಾಗುತ್ತದೆ. ಹೆರಿಗೆ ಎಳೆಯುತ್ತದೆ, ಸುಸ್ತು ಹೆಚ್ಚುತ್ತದೆ, ನೋವು ತಡೆಯಲಾಗುವುದಿಲ್ಲ. ಭಯಕ್ಕೆ ಮದ್ದು ಅಂದರೆ ಪಕ್ಕದಲ್ಲಿ ಒಬ್ಬರು ಇರುವುದು.

1980ರಲ್ಲಿ ಗ್ವಾಟೆಮಾಲಾದ ಒಂದು ಆಸ್ಪತ್ರೆಯ ಅಧ್ಯಯನ ಪ್ರಕಟವಾಯಿತು. ಚೊಚ್ಚಲ ಬಸುರಿಯರಲ್ಲಿ ಕೆಲವರ ಪಕ್ಕ ಪರಿಚಯವೇ ಇಲ್ಲದ ಒಬ್ಬ ಹೆಂಗಸು ಕೈ ಹಿಡಿದು, ಬೆನ್ನು ನೀವಿ, ಮಾತಾಡುತ್ತಾ ಕೂತಿದ್ದಳು. ತೊಡಕಿಲ್ಲದ ಹೆರಿಗೆಗಳನ್ನು ಹೋಲಿಸಿದಾಗ, ಒಂಟಿಯಾಗಿದ್ದವರಿಗೆ ಸರಾಸರಿ 19 ಗಂಟೆ ಹಿಡಿದಿತ್ತು. ಜೊತೆ ಇದ್ದವರಿಗೆ 9 ಗಂಟೆಗಿಂತ ಕಡಿಮೆ! ಅದು ತೀರಾ ಚಿಕ್ಕ ಅಧ್ಯಯನ, ಅಷ್ಟು ದೊಡ್ಡ ವ್ಯತ್ಯಾಸವನ್ನು ಎಲ್ಲರೂ ನಿರೀಕ್ಷಿಸಬಾರದು. 2017ರಲ್ಲಿ 15,000ಕ್ಕೂ ಹೆಚ್ಚು ಮಹಿಳೆಯರ ಮಾಹಿತಿ ಒಟ್ಟುಗೂಡಿಸಿ ನೋಡಿದಾಗ, ಜೊತೆಗೊಬ್ಬರು ಇದ್ದರೆ ಹೆರಿಗೆ ಸರಾಸರಿ 40 ನಿಮಿಷದಷ್ಟು ಬೇಗ ಆಗುತ್ತದೆ ಎಂದು ಕಂಡಿತು. ಸಿಸೇರಿಯನ್ ಸುಮಾರು ಕಾಲುಭಾಗ ಕಡಿಮೆಯಾಗಿತ್ತು, ನೋವಿನ ಔಷಧಿ ಬೇಕಾದವರೂ ಕಡಿಮೆ. ಬರೀ ಒಬ್ಬರು ಜೊತೆಗಿದ್ದುದಕ್ಕೆ ಇಷ್ಟು ಫಲ ಅಂದರೆ ಸಣ್ಣದಲ್ಲ, ಅಲ್ವಾ?

ನಮ್ಮಲ್ಲಿ ಸೂಲಗಿತ್ತಿಯರ ಕಾಲದಲ್ಲಿ ಬೇನೆ ತಿನ್ನುವವಳು ಒಂಟಿಯಾಗಿ ಇರುತ್ತಿರಲಿಲ್ಲ. ಪಾವಗಡ ತಾಲ್ಲೂಕಿನ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಿದ್ದು ಈ ಕೆಲಸಕ್ಕೇ. ಹೆರಿಗೆ ಆಸ್ಪತ್ರೆಗೆ ಬಂದ ಮೇಲೆ ಎಷ್ಟೋ ತಾಯಂದಿರ ಜೀವ ಉಳಿಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೇಬರ್ ವಾರ್ಡಿನ ಬಾಗಿಲಲ್ಲೇ ಅಮ್ಮ, ಅತ್ತೆ, ಅಕ್ಕ ಎಲ್ಲರೂ ನಿಂತುಬಿಡುವಂತಾಯಿತು. ಇದು ಬದಲಾಗಲೇಬೇಕು. ಕೇಂದ್ರ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಒಬ್ಬ ಹೆಂಗಸು ಜೊತೆಗಿರಬಹುದು ಎಂದು ಹೇಳಿದೆ. ಹೆರಿಗೆಯ ಅನುಭವ ಇರುವವರಾದರೆ ಒಳ್ಳೆಯದು. ಸೋಂಕು ಇರಬಾರದು, ಬಟ್ಟೆ ಶುಚಿಯಾಗಿರಬೇಕು, ಚಿಕಿತ್ಸೆಗೆ ಅಡ್ಡ ಬರಬಾರದು, ಅಷ್ಟೇ. ಮರೆ, ಪರದೆ ಇರುವ ಕಡೆ ಗಂಡನೂ ಇರಬಹುದು.

ಏಳನೇ ತಿಂಗಳ ಹೊತ್ತಿಗೇ ಆಸ್ಪತ್ರೆಯಲ್ಲಿ ಕೇಳಿ: ಒಳಗೆ ಯಾರನ್ನು ಬಿಡುತ್ತೀರಿ, ಓಡಾಡಲು ಜಾಗ ಇದೆಯಾ, ಬಿಸಿನೀರಿನ ಚೀಲ ತರಬಹುದಾ? ಜೊತೆಗಿರುವವರು ಸೊಂಟದ ಯಾವ ಭಾಗ ಒತ್ತಬೇಕು ಎಂದು ನರ್ಸಮ್ಮನಿಂದ ಮೊದಲೇ ಕಲಿತಿರಲಿ. ಎಪಿಡ್ಯೂರಲ್, ಅಂದರೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಇಂಜೆಕ್ಷನ್, ಸಿಗುತ್ತದಾ ಅನ್ನುವುದನ್ನೂ ಆಗಲೇ ಕೇಳಿಟ್ಟುಕೊಳ್ಳಿ. ಇಷ್ಟೆಲ್ಲ ಮಾಡಿದರೂ ನೋವು ಪೂರ್ತಿ ಹೋಗುವುದಿಲ್ಲ. ಬೇನೆ ತಿನ್ನುವವಳು ಇಂಜೆಕ್ಷನ್ ಬೇಕು ಎಂದರೆ "ಇನ್ನು ಸ್ವಲ್ಪ ಹೊತ್ತು ತಡಿ" ಎಂದು ಅವಳನ್ನು ಸುಮ್ಮನಾಗಿಸಬೇಡಿ, ಡಾಕ್ಟರನ್ನು ಕರೆಯಿರಿ.